ನಿಂತು ಓಡಿಸುವ ಫೋರ್ಕ್‌ಲಿಫ್ಟ್: ಕಾಲು ಎತ್ತಿದರೆ ಬ್ರೇಕು, ಬೆನ್ನ ಹಿಂದೆ ಬಾಗಿಲಿಲ್ಲ

ಕಾಫಿ ಸುಗ್ಗಿ ಶುರುವಾಯಿತು ಅಂದರೆ ಹಾಸನ, ಚಿಕ್ಕಮಗಳೂರಿನಲ್ಲಿ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ಗಳಿಗೆ ಪುರುಸೊತ್ತೇ ಇರುವುದಿಲ್ಲ. ಮೊದಲು ಅರೇಬಿಕಾ ಬರುತ್ತದೆ. ಜನವರಿ ಹೊತ್ತಿಗೆ ಹಿಂದೆಯೇ ರೋಬಸ್ಟಾ. ಲಾರಿ ಮೇಲೆ ಲಾರಿ, 50 ಕೆಜಿ ಮೂಟೆ ಮೇಲೆ ಮೂಟೆ. ಮೊದಲು ಇದೆಲ್ಲ ಹಮಾಲರ ಬೆನ್ನ ಮೇಲೇ ನಡೆಯುತ್ತಿತ್ತು. ಈಗ ಮೂಟೆಗಳನ್ನು ಪ್ಯಾಲೆಟ್ ಅನ್ನುವ ಮರದ ಹಲಗೆಯ ಮೇಲೆ ಅಟ್ಟಿ ಹಾಕಿ, ಫೋರ್ಕ್‌ಲಿಫ್ಟ್‌ನಲ್ಲಿ ಎತ್ತಿ ರ‍್ಯಾಕ್‌ನಲ್ಲಿ ಇಡುವ ಗೋಡೌನ್‌ಗಳೂ ಇವೆ. ರ‍್ಯಾಕ್‌ಗಳ ನಡುವಿನ ಓಣಿ ಕಿರಿದಾಗಿದ್ದರೆ ಕೂತು ಓಡಿಸುವ ದೊಡ್ಡ ಗಾಡಿ ಅಲ್ಲಿ ತಿರುಗುವುದೇ ಇಲ್ಲ. ನಿಂತು ಓಡಿಸುವ ಗಾಡಿಯೇ ಬೇಕು. ಬಿತ್ತನೆ ಆಲೂಗಡ್ಡೆ ಇಡುವ ಕೋಲ್ಡ್ ಸ್ಟೋರೇಜ್‌ಗಳಿಗೂ ಇದೇ ಮಾತು ಅನ್ವಯಿಸುತ್ತದೆ. ತಣ್ಣಗಿಡುವ ಜಾಗದ ಒಂದೊಂದು ಅಡಿಗೂ ಕರೆಂಟ್ ಬಿಲ್ ಕಟ್ಟಬೇಕಲ್ವಾ, ಹಾಗಾಗಿ ಓಣಿಗೆಂದು ಯಾರೂ ಜಾಸ್ತಿ ಜಾಗ ಬಿಡುವುದಿಲ್ಲ.

ಈ ಗಾಡಿಗೆ ಹೊಸದಾಗಿ ಹತ್ತುವವರು ಸಾಮಾನ್ಯವಾಗಿ ಟ್ರ್ಯಾಕ್ಟರ್, ಗೂಡ್ಸ್ ಆಟೊ ಇಲ್ಲವೇ ಕೂತು ಓಡಿಸುವ ಫೋರ್ಕ್‌ಲಿಫ್ಟ್‌ನಲ್ಲಿ ಕೈ ಪಳಗಿದವರು. ಆ ಅನುಭವ ಒಳ್ಳೆಯದೇ. ಆದರೆ ಗಾಬರಿಯಾದ ಒಂದು ಕ್ಷಣದಲ್ಲಿ ಕೈಕಾಲು ಹಳೆಯ ಅಭ್ಯಾಸದಂತೆಯೇ ನಡೆದುಕೊಳ್ಳುತ್ತವೆ. ಇಲ್ಲಿ ಬ್ರೇಕು ಹಾಕುವ ರೀತಿ ಬೇರೆ. ಮೈಯನ್ನು ಇಟ್ಟುಕೊಳ್ಳುವ ರೀತಿ ಬೇರೆ. ಗಾಡಿ ಮಗುಚುವಾಗ ಮಾಡಬೇಕಾದ್ದಂತೂ ಪೂರ್ತಿ ಉಲ್ಟಾ. ಈ ವ್ಯತ್ಯಾಸ ಎಲ್ಲಿಂದ ಬಂತು ಅನ್ನುವುದು ತಲೆಗೆ ಹೋದರೆ ಸುರಕ್ಷತೆಯ ನಿಯಮಗಳನ್ನು ಬಾಯಿಪಾಠ ಮಾಡುವ ಕಷ್ಟ ಇರುವುದಿಲ್ಲ.

ಗಾಡಿಯ ಮೈಕಟ್ಟು

ನಿಂತು ಓಡಿಸುವ ಗಾಡಿಗಳಲ್ಲೂ ಒಂದೆರಡು ಬಗೆ ಇವೆ. ಒಂದು, ಹಿಂದೆ ಭಾರ ಇಟ್ಟುಕೊಂಡು ಮುಂದಿನ ಫೋರ್ಕ್‌ನಲ್ಲಿ, ಅಂದರೆ ಚಾಚಿಕೊಂಡ ಎರಡು ಕಬ್ಬಿಣದ ಕೋಲುಗಳಲ್ಲಿ, ಸರಕು ಎತ್ತುವ ಕೌಂಟರ್‌ಬ್ಯಾಲೆನ್ಸ್ ಗಾಡಿ. ಇನ್ನೊಂದು ರೀಚ್ ಟ್ರಕ್. ಇದಕ್ಕೆ ಮುಂದೆ ನೆಲದ ಮೇಲೆ ಚಾಚಿಕೊಂಡ ಎರಡು ಕಾಲುಗಳಿರುತ್ತವೆ, ಅದರ ತುದಿಯಲ್ಲಿ ಸಣ್ಣ ಚಕ್ರ. ಫೋರ್ಕ್ ಮುಂದಕ್ಕೆ ಚಾಚಿ ರ‍್ಯಾಕ್‌ನಿಂದ ಪ್ಯಾಲೆಟ್ ಎತ್ತಿಕೊಂಡು ಮತ್ತೆ ಆ ಕಾಲುಗಳ ನಡುವೆ ಎಳೆದುಕೊಳ್ಳುತ್ತದೆ. ಪಕ್ಕಕ್ಕೆ ಕೂತು ಓಡಿಸುವ ರೀಚ್ ಟ್ರಕ್‌ಗಳೂ ಇವೆ, ಅವುಗಳ ವಿಚಾರ ಇಲ್ಲಿ ಬೇಡ.

ನಿಲ್ಲುವುದರಿಂದ ಏನು ಲಾಭ? ಸೀಟು, ದೊಡ್ಡ ಸ್ಟೀರಿಂಗ್, ಕಾಲು ಚಾಚುವ ಜಾಗ ಇಷ್ಟೂ ಉಳಿಯುತ್ತದೆ. ಗಾಡಿಯ ಉದ್ದ ಕಡಿಮೆಯಾಗುತ್ತದೆ. ಕೂತು ಓಡಿಸುವ ಕೌಂಟರ್‌ಬ್ಯಾಲೆನ್ಸ್ ಗಾಡಿಗೆ ಸುಮಾರು ಮೂರೂವರೆಯಿಂದ ನಾಲ್ಕು ಮೀಟರ್ ಓಣಿ ಬೇಕಾದರೆ, ರೀಚ್ ಟ್ರಕ್‌ಗೆ ಮೂರು ಮೀಟರಿನ ಆಸುಪಾಸು ಸಾಕು. ಆಪರೇಟರ್ ದಿನಕ್ಕೆ ಹತ್ತಾರು ಸಲ ಇಳಿದು ಚೀಟಿ ನೋಡಬೇಕು, ಮೂಟೆ ಎಣಿಸಬೇಕು ಅಂದರೆ ಹತ್ತಿ ಇಳಿಯುವುದೂ ಸಲೀಸು. ಅದಕ್ಕೇ ಹಿಂಭಾಗವನ್ನು ತೆರೆದೇ ಬಿಟ್ಟಿರುತ್ತಾರೆ. ಸೀಟಿಲ್ಲ, ಬೆಲ್ಟಿಲ್ಲ, ಹೆಚ್ಚಿನ ಗಾಡಿಗಳಲ್ಲಿ ಬಾಗಿಲೂ ಇಲ್ಲ. ಈ ತೆರೆದ ಬೆನ್ನೇ ಅನುಕೂಲ, ಅಪಾಯವೂ ಅದರಿಂದಲೇ.

ಕಾಲಡಿಯ ಪೆಡಲ್

ಕಾರಿನಲ್ಲಿ, ಟ್ರ್ಯಾಕ್ಟರಿನಲ್ಲಿ ಬ್ರೇಕ್ ಒತ್ತಿದರೆ ಗಾಡಿ ನಿಲ್ಲುತ್ತದೆ. ನಿಂತು ಓಡಿಸುವ ಗಾಡಿಗಳಲ್ಲಿ ಬಹುತೇಕ ಇದು ತಿರುಗಾಮುರುಗಾ. ಕಾಲಡಿಯ ಪೆಡಲ್ ಒತ್ತಿ ಹಿಡಿದಿದ್ದರೆ ಬ್ರೇಕ್ ಬಿಟ್ಟಿರುತ್ತದೆ, ಗಾಡಿ ಚಲಿಸುತ್ತದೆ. ಪಾದ ಎತ್ತಿದ ಕೂಡಲೇ ಬ್ರೇಕ್ ಬೀಳುತ್ತದೆ. ಇದಕ್ಕೆ ಡೆಡ್‌ಮ್ಯಾನ್ ಪೆಡಲ್ ಅನ್ನುತ್ತಾರೆ. ಆಪರೇಟರ್ ತಲೆಸುತ್ತಿ ಬಿದ್ದರೂ, ಗಾಡಿಯಿಂದ ಇಳಿದುಬಿಟ್ಟರೂ, ಗಾಡಿ ತನ್ನಷ್ಟಕ್ಕೆ ಓಡಬಾರದು ಅನ್ನುವುದು ಇದರ ಉದ್ದೇಶ.

ಒಳ್ಳೆಯ ಏರ್ಪಾಡು. ಆದರೆ ಮನುಷ್ಯನ ಕಾಲಿಗೆ ಇದು ಹೊಸದು. ಎದುರಿಗೆ ಯಾರೋ ಅಡ್ಡ ಬಂದರು ಅನ್ನಿ. ವರ್ಷಗಟ್ಟಲೆ ಬೇರೆ ಗಾಡಿ ಓಡಿಸಿದವರ ಕಾಲು ಆಗ ಒತ್ತುತ್ತದೆ, ಎತ್ತುವುದಿಲ್ಲ. ಗಂಟೆಗೆ 8 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 2.2 ಮೀಟರ್. ಒಂದೇ ಒಂದು ಸೆಕೆಂಡ್ ಕಾಲು ತಡಬಡಾಯಿಸಿದರೂ ಗಾಡಿ ಏಳು ಅಡಿ ಮುಂದೆ ಹೋಗಿರುತ್ತದೆ. ಮೂರು ಟನ್ ಗಾಡಿ, ಮೇಲೆ ಒಂದು ಟನ್ ಕಾಫಿ. ನಡುವೆ ಸಿಕ್ಕಿದವರ ಗತಿ ಹೇಳಬೇಕಾಗಿಲ್ಲ.

ಹಾಗಾಗಿ ಹೊಸಬರನ್ನು ಮೊದಲ ದಿನವೇ ರ‍್ಯಾಕ್‌ಗಳ ನಡುವೆ ಬಿಡಲೇಬಾರದು. ಖಾಲಿ ಅಂಗಳದಲ್ಲಿ, ಸರಕಿಲ್ಲದೆ, ನಡಿಗೆಯ ವೇಗದಲ್ಲಿ ಓಡಿಸಲು ಕೊಡಬೇಕು. ಪಕ್ಕದಲ್ಲಿ ನಿಂತವರು ಇದ್ದಕ್ಕಿದ್ದಂತೆ "ನಿಲ್ಸು" ಅನ್ನಬೇಕು. ಕಾಲು ತಾನಾಗಿ ಮೇಲೆ ಬರುವವರೆಗೆ ಮತ್ತೆ ಮತ್ತೆ ಇದನ್ನೇ ಮಾಡಿಸಬೇಕು. ಸುಮ್ನೆ "ಕಾಲೆತ್ತಿದರೆ ಬ್ರೇಕು, ತಿಳೀತಾ?" ಅಂತ ಕೇಳಿ ಕೀ ಕೊಟ್ಟರೆ ತಲೆಗೆ ಮಾತ್ರ ತಿಳಿದಿರುತ್ತದೆ, ಕಾಲಿಗೆ ತಿಳಿದಿರುವುದಿಲ್ಲ.

ಎಲ್ಲ ಕಂಪನಿಯ ಗಾಡಿಯೂ ಒಂದೇ ಥರ ಇರುವುದಿಲ್ಲ ಅನ್ನುವುದೂ ನೆನಪಿರಲಿ. ಕೆಲವದರಲ್ಲಿ ಒಂದು ಕಾಲಿಗೆ ಡೆಡ್‌ಮ್ಯಾನ್ ಪೆಡಲ್, ಇನ್ನೊಂದು ಕಾಲಿಗೆ ಮಾಮೂಲಿ ಬ್ರೇಕ್ ಇರುತ್ತದೆ. ಒಂದೇ ಗೋಡೌನ್‌ನಲ್ಲಿ ಎರಡು ಥರದ ಗಾಡಿ ಇದ್ದರೆ ಇನ್ನೂ ಕಷ್ಟ. ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಅಂತ ಆಪರೇಟರನ್ನು ಬದಲಾಯಿಸುವ ಸೂಪರ್‌ವೈಸರ್‌ಗಳು ಈ ಒಂದು ವಿಷಯವನ್ನು ದಯವಿಟ್ಟು ಯೋಚಿಸಬೇಕು.

ಕೈಯ ಕೆಲಸ ಹೀಗೆ. ಸಾಮಾನ್ಯವಾಗಿ ಎಡಗೈಯಲ್ಲಿ ಸಣ್ಣ ಸ್ಟೀರಿಂಗ್, ಬಲಗೈಯಲ್ಲಿ ಒಂದು ಹ್ಯಾಂಡಲ್. ಮುಂದೆ ಹಿಂದೆ ಹೋಗುವುದು, ಫೋರ್ಕ್ ಏರಿಸುವುದು, ಹಾರ್ನ್ ಎಲ್ಲ ಆ ಹ್ಯಾಂಡಲ್‌ನಲ್ಲೇ. ಮುಂದೆ ಹೋಗುತ್ತಿರುವಾಗ ಹ್ಯಾಂಡಲನ್ನು ಹಿಂದಕ್ಕೆ ಎಳೆದರೆ ಮೋಟಾರು ಉಲ್ಟಾ ಬಲ ಹಾಕಿ ಗಾಡಿಯನ್ನು ನಿಧಾನ ಮಾಡುತ್ತದೆ. ಇದಕ್ಕೆ ಪ್ಲಗಿಂಗ್ ಅನ್ನುತ್ತಾರೆ. ದಿನನಿತ್ಯ ವೇಗ ಇಳಿಸುವುದಕ್ಕೆ ಅನುಭವಿಗಳು ಇದನ್ನೇ ಬಳಸುತ್ತಾರೆ, ಸರಕೂ ಜರುಗುವುದಿಲ್ಲ. ತುರ್ತಿಗೆ ಮಾತ್ರ ಕಾಲು.

ಇನ್ನೊಂದು ಮಾತು. ಪೆಡಲ್ ಒತ್ತಿ ಒತ್ತಿ ಕಾಲು ನೋಯುತ್ತದೆ ಅಂತ ಅದರ ಮೇಲೆ ಇಟ್ಟಿಗೆ ಇಡುವುದು, ಹಗ್ಗ ಬಿಗಿಯುವುದು. ದಯವಿಟ್ಟು ಬೇಡ. ಆ ಗಾಡಿಗೆ ಇರುವ ದೊಡ್ಡ ರಕ್ಷಣೆಯನ್ನೇ ನಾವು ಕಿತ್ತು ಹಾಕಿದಂತೆ. ಕಾಲು ನೋವು ನಿಜ, ಅದಕ್ಕೆ ಪರಿಹಾರ ನಡುನಡುವೆ ವಿರಾಮ, ನಿಲ್ಲುವ ಜಾಗದಲ್ಲಿ ಸವೆಯದ ರಬ್ಬರ್ ಮ್ಯಾಟ್, ಕಾಲಿಗೆ ಸರಿಯಾದ ಶೂ. ಚಪ್ಪಲಿಯಲ್ಲಿ ಈ ಗಾಡಿ ಹತ್ತಲೇಬಾರದು. ಕ್ಯೂರಿಂಗ್ ನಡೆಯುವ ಕಡೆ ಪಾರ್ಚ್‌ಮೆಂಟ್ ಹೊಟ್ಟು, ಅಂದರೆ ಕಾಫಿ ಬೀಜದ ತೆಳು ಸಿಪ್ಪೆ, ಎಲ್ಲ ಕಡೆ ಕೂತಿರುತ್ತದೆ. ಮ್ಯಾಟ್ ಮೇಲೆ ಅದು ಒಂದು ಪದರ ಬಿದ್ದರೂ ಕಾಲು ಜಾರುತ್ತದೆ.

ತೆರೆದ ಬೆನ್ನು

ಗಾಡಿ ಹಿಂದಕ್ಕೆ ಹೋಗುವಾಗ ಗಾಡಿಯ ಎಲ್ಲಕ್ಕಿಂತ ಮುಂದಿನ ಭಾಗ ಯಾವುದು? ಹೆಚ್ಚುಕಡಿಮೆ ಆಪರೇಟರ್‌ನ ಮೈಯೇ. ಅವರ ಬೆನ್ನು, ಸೊಂಟ, ಕಾಲು. ಕೂತು ಓಡಿಸುವ ಗಾಡಿಯಲ್ಲಿ ಹಿಂದೆ ಒಂದು ಟನ್‌ಗೂ ಜಾಸ್ತಿ ಕಬ್ಬಿಣ ಇರುತ್ತದೆ, ಏನಾದರೂ ತಗುಲಿದರೆ ಅದಕ್ಕೆ ಮೊದಲು ತಗುಲುತ್ತದೆ. ಇಲ್ಲಿ ಆ ಕಾವಲು ತೆಳು.

ಈ ಗಾಡಿಗಳಲ್ಲಿ ಕೆಟ್ಟ ಪೆಟ್ಟುಗಳು ಕಾಲಿಗೆ, ಪಾದಕ್ಕೆ ಆಗುವುದು ಇದರಿಂದಲೇ. ನಿಂತವರಿಗೆ ಒಂದು ಕಾಲನ್ನು ಸ್ವಲ್ಪ ಹೊರಗೆ ಚಾಚಿ ಆರಾಮಾಗಿ ನಿಲ್ಲುವ ಅಭ್ಯಾಸ ಇರುತ್ತದೆ. ಬಸ್ಸಿನ ಫುಟ್‌ಬೋರ್ಡ್ ಮೇಲೆ ನಿಂತು ಬೆಳೆದವರು ನಾವು. ಆದರೆ ಹಾಗೆ ಚಾಚಿದ ಪಾದ ಗಾಡಿಯ ಅಂಚಿಗೂ ರ‍್ಯಾಕ್‌ನ ಕಂಬಕ್ಕೂ ನಡುವೆ ಸಿಕ್ಕರೆ ಮೂಳೆ ಪುಡಿಯಾಗುತ್ತದೆ. ಗೋಡೆ ಹತ್ತಿರ ಬಂತು ಅಂತ ಕಾಲು ಕೊಟ್ಟು ತಡೆಯಲು ಹೋಗುವವರೂ ಇದ್ದಾರೆ. ಮೂರು ಟನ್ ಗಾಡಿಯನ್ನು ಯಾರ ಕಾಲೂ ತಡೆಯುವುದಿಲ್ಲ. ನಿಯಮ ಸರಳ: ಗಾಡಿ ಚಲಿಸುತ್ತಿರುವಷ್ಟು ಹೊತ್ತು ಎರಡೂ ಪಾದ, ಎರಡೂ ಮೊಣಕೈ, ತಲೆ ಎಲ್ಲವೂ ಗಾಡಿಯ ಅಂಚಿನ ಒಳಗೇ ಇರಬೇಕು. ಪೂರ್ತಿ ನಿಂತ ಮೇಲೆಯೇ ಇಳಿಯಬೇಕು. ನಿಧಾನವಾಗುತ್ತಿರುವಾಗಲೇ ಕಾಲು ಕೆಳಗೆ ಹಾಕುವ ಚಾಳಿ ಬಿಡಿಸಬೇಕು.

ಇನ್ನೊಂದು ಅಪಾಯ ಇದಕ್ಕಿಂತ ಕೆಟ್ಟದ್ದು, ಮತ್ತು ಕಣ್ಣಿಗೆ ಬೀಳದಂಥದ್ದು. ರ‍್ಯಾಕ್‌ನ ಮೊದಲ ಅಡ್ಡಪಟ್ಟಿ ಎಷ್ಟು ಎತ್ತರದಲ್ಲಿದೆ ಅಂತ ನಿಮ್ಮ ಗೋಡೌನ್‌ನಲ್ಲಿ ಒಮ್ಮೆ ನೋಡಿ. ಕೆಳಗಿನ ಪ್ಯಾಲೆಟ್‌ಗಳನ್ನು ನೆಲದ ಮೇಲೇ ಇಡುವ ಕಡೆ ಮೊದಲ ಅಡ್ಡಪಟ್ಟಿ ಸರಿಯಾಗಿ ಎದೆಯ ಎತ್ತರಕ್ಕೆ ಬರುತ್ತದೆ. ಆ ಜಾಗ ಖಾಲಿ ಇದ್ದಾಗ ಗಾಡಿ ಹಿಂದಕ್ಕೆ ಬಂದರೆ, ಗಾಡಿಯ ಕೆಳಭಾಗ ಪಟ್ಟಿಯ ಅಡಿಗೆ ನುಗ್ಗುತ್ತದೆ. ತಲೆಯ ಮೇಲಿನ ಗಾರ್ಡ್ ಪಟ್ಟಿಗಿಂತ ಮೇಲಿರುತ್ತದೆ. ನಡುವೆ ಪಟ್ಟಿ ಸೀದಾ ಆಪರೇಟರ್ ನಿಂತ ಜಾಗದೊಳಗೆ ಬರುತ್ತದೆ. ಬೆನ್ನಿಗೆ ಪಟ್ಟಿ, ಎದೆಗೆ ಗಾಡಿಯ ಹ್ಯಾಂಡಲ್. ಎದೆ ಒತ್ತಿದಾಗ ಹ್ಯಾಂಡಲ್ ಮೇಲೂ ಒತ್ತಡ ಬಿದ್ದು ಗಾಡಿ ಇನ್ನಷ್ಟು ಚಲಿಸಬಹುದು. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ 2009ರಲ್ಲಿ ಇದೊಂದೇ ಅಪಾಯದ ಬಗ್ಗೆ ಪ್ರತ್ಯೇಕ ಎಚ್ಚರಿಕೆ ಹೊರಡಿಸಿತ್ತು.

ಇದಕ್ಕೆ ಆಪರೇಟರ್ ಎಚ್ಚರವಾಗಿದ್ದರೆ ಮಾತ್ರ ಸಾಲದು, ಮಾಲೀಕರೂ ಕೆಲಸ ಮಾಡಬೇಕು. ನೆಲದ ಹತ್ತಿರ ಇನ್ನೊಂದು ಅಡ್ಡಪಟ್ಟಿ ಹಾಕಿಸಿದರೆ ಗಾಡಿಯ ಕೆಳಭಾಗ ಅಲ್ಲೇ ತಡೆಯುತ್ತದೆ. ಗಾಡಿಯ ಹಿಂಭಾಗಕ್ಕೆ ನಿಲುವು ಕಂಬಗಳನ್ನು ಕೂರಿಸುವ ಅವಕಾಶವೂ ಕೆಲವು ಮಾದರಿಗಳಲ್ಲಿದೆ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮನಸ್ಸಿಗೆ ಬಂದಂತೆ ಮಾಡಿಸುವುದಲ್ಲ, ಗಾಡಿ ತಯಾರಿಸಿದ ಕಂಪನಿಯನ್ನು ಕೇಳಿಯೇ ಮಾಡಿಸಬೇಕು. ಅಡ್ಡಾದಿಡ್ಡಿ ಕಂಬ ಹಾಕಿದರೆ ತುರ್ತಿನಲ್ಲಿ ಹೊರಗೆ ಬರುವ ದಾರಿಯೇ ಮುಚ್ಚಿಹೋಗುತ್ತದೆ.

ಆ ಹೊರಗೆ ಬರುವ ದಾರಿಯ ವಿಷಯ ಮುಖ್ಯವಾದದ್ದು. ಕೂತು ಓಡಿಸುವ ಗಾಡಿ ಪಕ್ಕಕ್ಕೆ ಮಗುಚುತ್ತಿದ್ದರೆ ಹಾರಬಾರದು. ಬೆಲ್ಟ್ ಹಾಕಿಕೊಂಡು, ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು, ಗಾಡಿ ಬೀಳುವ ಕಡೆಯಿಂದ ಆಚೆಗೆ ವಾಲಿ ಕೂತೇ ಇರಬೇಕು. ಹಾರಿದರೆ ತಲೆಯ ಗಾರ್ಡ್ ಮೈ ಮೇಲೆ ಬೀಳುತ್ತದೆ. ಹಿಂಭಾಗ ತೆರೆದ, ನಿಂತು ಓಡಿಸುವ ಗಾಡಿಯಲ್ಲಿ ಹೇಳಿಕೊಡುವುದು ಇದಕ್ಕೆ ವಿರುದ್ಧ. ಪಕ್ಕಕ್ಕೆ ಮಗುಚುವುದು ಶುರುವಾಯಿತು ಅಂದರೆ ಹಿಂದಕ್ಕೆ ಹೆಜ್ಜೆ ಇಟ್ಟು ಇಳಿದು ದೂರ ಸರಿಯಬೇಕು. ಇಲ್ಲಿ ಹಿಡಿದಿಡುವ ಬೆಲ್ಟ್ ಇಲ್ಲ, ಒಳಗೇ ಇದ್ದರೆ ಮೈ ಅರ್ಧ ಹೊರಗೆ ಚೆಲ್ಲಿ ಗಾಡಿಯಡಿಗೆ ಸಿಗುತ್ತದೆ. ಆದರೆ ಒಂದು ಕಾಲು ಮಾತ್ರ ಹೊರಗೆ ಹಾಕಿ ಊರುವುದು ಬೇರೆ, ಪೂರ್ತಿ ಇಳಿದು ಹಿಂದೆ ಹೋಗುವುದು ಬೇರೆ. ಮೊದಲನೆಯದು ಕಾಲು ಕಳೆಯುತ್ತದೆ. ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಈ ಪುಟವನ್ನು ಹುಡುಕಿ, ಗೊತ್ತಿರುವವರಿಂದ ಕನ್ನಡದಲ್ಲಿ ಬರೆಸಿ ಗಾಡಿ ನಿಲ್ಲಿಸುವ ಗೋಡೆಗೆ ಅಂಟಿಸಿ.

ಒಂದು ಪ್ಯಾಲೆಟ್ ಕಾಫಿ ಎಷ್ಟು ಭಾರ?

ಲೆಕ್ಕ ಸುಲಭ ಅನ್ನಿಸುತ್ತದೆ. 50 ಕೆಜಿಯ 20 ಮೂಟೆ, ಸಾವಿರ ಕೆಜಿ. ಮರದ ಪ್ಯಾಲೆಟ್‌ಗೆ ಇನ್ನು ಇಪ್ಪತ್ತು ಮೂವತ್ತು ಕೆಜಿ. ಗಾಡಿಯ ಮೇಲೆ 1500 ಕೆಜಿ ಅಂತ ಬರೆದಿದೆ. ಹಾಗಾದರೆ ಇನ್ನೂ ಎಂಟೊಂಬತ್ತು ಮೂಟೆ ಹಾಕಬಹುದಲ್ವಾ?

ಹಾಕಬಾರದು. ತುಂಬಿದ ಬಿಂದಿಗೆಯನ್ನು ಸೊಂಟದ ಮೇಲೆ ಇಟ್ಟುಕೊಂಡು ಎಷ್ಟು ದೂರ ಬೇಕಾದರೂ ನಡೆಯುತ್ತೇವೆ. ಅದೇ ಬಿಂದಿಗೆಯನ್ನು ಕೈ ಚಾಚಿ ಹಿಡಿದರೆ ನಾಲ್ಕು ಹೆಜ್ಜೆ ಹಾಕಲಾಗುವುದಿಲ್ಲ. ನೀರು ಅಷ್ಟೇ, ಮೈಯಿಂದ ದೂರ ಜಾಸ್ತಿಯಾಯಿತು. ಫೋರ್ಕ್‌ಲಿಫ್ಟ್‌ನ ಮೈಗೆ ಅಂಟಿಸಿದ ಲೋಹದ ತಟ್ಟೆಯಲ್ಲಿ (ನೇಮ್ ಪ್ಲೇಟ್) ಬರೆದ 1500 ಕೆಜಿಯ ಪಕ್ಕದಲ್ಲೇ ಇನ್ನೊಂದು ಅಂಕಿ ಇರುತ್ತದೆ, ಸಾಮಾನ್ಯವಾಗಿ 500 ಮಿಲಿಮೀಟರ್ ಇಲ್ಲವೇ 600. ಸರಕಿನ ತೂಕದ ನಡುಬಿಂದು ಫೋರ್ಕ್‌ನ ಬುಡದಿಂದ ಅಷ್ಟು ದೂರದೊಳಗೆ ಇದ್ದರೆ ಮಾತ್ರ ಆ 1500 ಸರಿ. ಇದಕ್ಕೆ ಲೋಡ್ ಸೆಂಟರ್ ಅನ್ನುತ್ತಾರೆ.

ಒಂದು ಕೌಂಟರ್‌ಬ್ಯಾಲೆನ್ಸ್ ಗಾಡಿಯ ಲೆಕ್ಕ ಹಾಕೋಣ. ಇಲ್ಲಿ ಮುಂದಿನ ಚಕ್ರದ ಅಚ್ಚೇ ತಕ್ಕಡಿಯ ನಡುಮುಳ್ಳು. ಅಲ್ಲಿಂದ ಫೋರ್ಕ್ ಬುಡಕ್ಕೆ 350 ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ತಟ್ಟೆಯ ಪ್ರಕಾರ ಸರಕಿನ ನಡುಬಿಂದು 500. ಒಟ್ಟು 850. ಈಗ ಸರಕಿನ ನಡುಬಿಂದು 700ಕ್ಕೆ ಹೋಯಿತು ಅನ್ನಿ, ಒಟ್ಟು 1050. 1500ನ್ನು 850ರಿಂದ ಗುಣಿಸಿ 1050ರಿಂದ ಭಾಗಿಸಿದರೆ 1214 ಬರುತ್ತದೆ. ಅಂದರೆ ಸರಕು ಬರೀ 20 ಸೆಂಟಿಮೀಟರ್ ಮುಂದೆ ಹೋದರೆ ಗಾಡಿಯ ಶಕ್ತಿಯಲ್ಲಿ ಸುಮಾರು 285 ಕೆಜಿ ಕಡಿಮೆ. ಐದಾರು ಮೂಟೆ ಕಾಫಿ!

20 ಸೆಂಟಿಮೀಟರ್ ಹೋಗುವುದು ತುಂಬ ಸಲೀಸು. 1200ಕ್ಕೆ 1000 ಮಿಲಿಮೀಟರ್ ಪ್ಯಾಲೆಟ್‌ಗೆ ಫೋರ್ಕ್‌ಅನ್ನು ಯಾವ ಕಡೆಯಿಂದ ಹಾಕಿದಿರಿ ಅನ್ನುವುದರಿಂದಲೇ 10 ಸೆಂಟಿಮೀಟರ್ ವ್ಯತ್ಯಾಸ. ಫೋರ್ಕ್ ಪೂರ್ತಿ ಒಳಗೆ ಹೋಗದೆ, ಸರಕು ಅದರ ಬುಡಕ್ಕೆ ತಾಗದೆ ನಿಂತರೆ ಇನ್ನು ಸ್ವಲ್ಪ. ಗೋಣಿಚೀಲ ಹೊಟ್ಟೆ ಬಿಟ್ಟುಕೊಂಡು ಮುಂದಕ್ಕೆ ಜರುಗಿದರೆ ಮತ್ತಷ್ಟು. ಮೇಲಕ್ಕೆ ಎತ್ತಿದಷ್ಟೂ ಶಕ್ತಿ ಕಡಿಮೆಯಾಗುತ್ತದೆ ಅನ್ನುವುದು ಬೇರೆ. ಎತ್ತರಕ್ಕೆ ತಕ್ಕಂತೆ ಎಷ್ಟು ಕೆಜಿ ಅನ್ನುವುದು ತಟ್ಟೆಯ ಮೇಲೆ ಇರುತ್ತದೆ. ನನ್ನ ಲೆಕ್ಕ ಅರ್ಥ ಮಾಡಿಕೊಳ್ಳುವುದಕ್ಕೆ, ಎತ್ತುವಾಗ ತಟ್ಟೆಯ ಮಾತೇ ಕೊನೆ. ತಟ್ಟೆ ಅಳಿಸಿಹೋಗಿದ್ದರೆ ಹೊಸದು ತರಿಸುವವರೆಗೆ ಆ ಗಾಡಿ ಓಡಿಸುವುದು ಬೇಡ.

ಮೂಟೆ ಜೋಡಿಸುವ ಹಮಾಲರ ಕೈಚಳಕ ಇಲ್ಲಿ ತುಂಬ ದೊಡ್ಡದು. ಒಂದು ಸಾಲು ಉದ್ದಕ್ಕೆ, ಮೇಲಿನ ಸಾಲು ಅಡ್ಡಕ್ಕೆ ಹಾಕಿ ಒಂದನ್ನೊಂದು ಕಚ್ಚುವಂತೆ ಅಟ್ಟಿ ಕಟ್ಟಿದರೆ ಪ್ಯಾಲೆಟ್ ಬಂಡೆಯಂತೆ ನಿಲ್ಲುತ್ತದೆ. ಒಂದರ ಮೇಲೊಂದು ಸುಮ್ನೆ ಪೇರಿಸಿದರೆ ಮೂರನೇ ರ‍್ಯಾಕ್ ಎತ್ತರದಲ್ಲಿ ಮೇಲಿನ ಮೂಟೆ ಜಾರುತ್ತದೆ. ಅಟ್ಟಿ ವಾಲಿದ ಪ್ಯಾಲೆಟ್ ಬಂದರೆ ಎತ್ತಬೇಡಿ, ಬಿಚ್ಚಿ ಜೋಡಿಸಲು ಹೇಳಿ. ಹಾಗೆ ಹೇಳುವ ಹಕ್ಕು ಆಪರೇಟರ್‌ಗೆ ಇರಲೇಬೇಕು.

ಇನ್ನು ಎತ್ತುವ ಕೆಲಸ. ರ‍್ಯಾಕ್‌ಗೆ ನೇರವಾಗಿ ಬಂದು ಪೂರ್ತಿ ನಿಲ್ಲಿಸಿ. ಫೋರ್ಕ್ ಪ್ಯಾಲೆಟ್‌ನ ಬಾಯಿಗೆ ಸಮ ಇದೆಯಾ ನೋಡಿ ನಿಧಾನವಾಗಿ ಪೂರ್ತಿ ಒಳಗೆ ಹಾಕಿ. ಎರಡು ಇಂಚು ಎತ್ತಿ ಒಂದು ಕ್ಷಣ ತಡೆಯಿರಿ. ಅಟ್ಟಿ ಅಲುಗುತ್ತಿದೆಯಾ, ಒಂದು ಕಡೆಗೆ ಎಳೆಯುತ್ತಿದೆಯಾ ಆಗಲೇ ಗೊತ್ತಾಗುತ್ತದೆ. ಸರಿ ಇದ್ದರೆ ಮಾಸ್ಟನ್ನು, ಅಂದರೆ ಫೋರ್ಕ್ ಏರಿಳಿಯುವ ನಿಲುವು ಚೌಕಟ್ಟನ್ನು, ಸ್ವಲ್ಪ ಹಿಂದಕ್ಕೆ ವಾಲಿಸಿ. ರೀಚ್ ಟ್ರಕ್ ಆದರೆ ಸರಕನ್ನು ಒಳಗೆ ಎಳೆದುಕೊಳ್ಳಿ. ಆಮೇಲೆ ಹಿಂದೆ ಬಂದು, ಫೋರ್ಕ್ ನೆಲದಿಂದ ಒಂದು ಗೇಣಿನೊಳಗೆ ಇಳಿಸಿದ ನಂತರವೇ ತಿರುಗಿಸಿ. ಸರಕು ಮೇಲಿರುವಾಗ ತಿರುಗಿಸುವುದು ಬೇಡವೇ ಬೇಡ. ನಾಲ್ಕು ಚಕ್ರ ಕಂಡರೂ ಹೆಚ್ಚಿನ ಫೋರ್ಕ್‌ಲಿಫ್ಟ್‌ಗಳು ನಿಜಕ್ಕೂ ನಿಂತಿರುವುದು ಮೂರು ಬಿಂದುಗಳ ತ್ರಿಕೋನದ ಮೇಲೆ. ಗಾಡಿ ಮತ್ತು ಸರಕು ಎರಡರ ಒಟ್ಟು ತೂಕದ ನಡುಬಿಂದು ಆ ತ್ರಿಕೋನದ ಒಳಗಿದ್ದಷ್ಟು ಹೊತ್ತು ಗಾಡಿ ನಿಲ್ಲುತ್ತದೆ. ಸರಕು ಎತ್ತರದಲ್ಲಿದ್ದು ಗಾಡಿ ತಿರುಗಿದರೆ ಆ ಬಿಂದು ಪಕ್ಕಕ್ಕೆ ಓಡುತ್ತದೆ. ಖಾಲಿ ಗಾಡಿಯೂ ಮಾಸ್ಟ್ ಮೇಲಿಟ್ಟುಕೊಂಡು ಜೋರಾಗಿ ತಿರುಗಿದರೆ ಮಗುಚುತ್ತದೆ. ಇದನ್ನು ಎಷ್ಟೋ ಜನ ನಂಬುವುದಿಲ್ಲ.

ಸ್ಟೀರಿಂಗ್ ಹಿಂದಿನ ಚಕ್ರಕ್ಕಿರುವುದರಿಂದ ತಿರುಗಿಸಿದಾಗ ಹಿಂಭಾಗ ಬೀಸಿಕೊಂಡು ಹೋಗುತ್ತದೆ. ಕಿರಿದಾದ ಓಣಿಯಲ್ಲಿ ರ‍್ಯಾಕ್ ಕಂಬಕ್ಕೆ ತಗುಲುವುದು ಹೀಗೆ. ಕಂಬ ಒಂದು ಕಡೆ ತಗ್ಗಾದರೆ ಆ ಸಾಲಿನಲ್ಲಿ ಸರಕು ಇಡುವುದು ನಿಲ್ಲಿಸಿ, ತಕ್ಷಣ ಹೇಳಬೇಕು. ಬಗ್ಗಿದ ಕಂಬದ ಮೇಲೆ ಹತ್ತಾರು ಟನ್ ನಿಂತಿರುತ್ತದೆ.

ಮಳೆಗಾಲ, ಲಾರಿ, ಇಳಿಜಾರು

ಚಿಕ್ಕಮಗಳೂರು, ಸಕಲೇಶಪುರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೌನ್ ಬಾಗಿಲು ತೆಗೆದರೆ ಸಾಕು, ಎರಚಲು ಒಳಗೆ. ಈ ಗಾಡಿಯ ಚಕ್ರಗಳು ಚಿಕ್ಕವು, ಗಟ್ಟಿಯವು. ಟಯರ್‌ನಲ್ಲಿರುವಂತೆ ಗೀರುಗಳಿಲ್ಲ. ಒದ್ದೆ ಸಿಮೆಂಟಿನ ಮೇಲೆ, ಅದರಲ್ಲೂ ಹೊಟ್ಟಿನ ಪುಡಿ ನೆನೆದು ಲೋಳೆಯಾದ ಕಡೆ, ಬ್ರೇಕ್ ಬಿದ್ದರೂ ಗಾಡಿ ಜಾರುತ್ತಲೇ ಹೋಗುತ್ತದೆ. ಬಾಗಿಲ ಹತ್ತಿರ ನೆಲ ಒರೆಸುವುದೂ ಸುರಕ್ಷತೆಯ ಕೆಲಸವೇ. ಕೋಲ್ಡ್ ಸ್ಟೋರೇಜ್‌ನಲ್ಲಿ ಹೊರಗಿನ ಬಿಸಿ ಗಾಳಿ ಒಳಗೆ ನುಗ್ಗಿ ಬಾಗಿಲಲ್ಲೇ ನೀರು ಕಟ್ಟುತ್ತದೆ, ಅಲ್ಲೂ ಹೀಗೇ.

ಲಾರಿ ಅಥವಾ ಕಂಟೇನರ್ ಒಳಗೆ ಹೋಗುವ ಮುಂಚೆ ನೀವೇ ಇಳಿದು ನೋಡಿ. ಮಂಗಳೂರು ಬಂದರಿಗೆ ಹೋಗುವ ಕಂಟೇನರ್ ಲೋಡ್ ಮಾಡುವಾಗ ಅವಸರ ಜಾಸ್ತಿ ಇರುತ್ತದೆ, ಆದರೂ ನೋಡಿ. ಲಾರಿಯ ಹ್ಯಾಂಡ್‌ಬ್ರೇಕ್ ಹಾಕಿದೆಯಾ? ಚಕ್ರಕ್ಕೆ ಅಡೆ ಕೊಟ್ಟಿದೆಯಾ? ಡ್ರೈವರ್ ಕೀ ಯಾರ ಹತ್ತಿರ ಇದೆ? ಗಾಡಿ ಒಳಗೆ ಹೋಗಿ ಬ್ರೇಕ್ ಹಾಕುವಾಗ ಲಾರಿಯನ್ನು ಮುಂದಕ್ಕೆ ತಳ್ಳುತ್ತದೆ. ಡಾಕ್‌ಗೂ (ಸರಕು ಏರಿಸುವ ಕಟ್ಟೆ) ಲಾರಿಗೂ ನಡುವೆ ಸಂದು ಬಿದ್ದರೆ ಮುಂದಿನ ಸಣ್ಣ ಚಕ್ರ ಅದರೊಳಗೆ ಇಳಿಯುತ್ತದೆ. ಮುಂದಿನ ಎಂಜಿನ್ ಬಿಚ್ಚಿಕೊಂಡು ಹೋಗಿ ಟ್ರೈಲರ್ ಒಂದನ್ನೇ ಬಿಟ್ಟಿದ್ದರೆ ಅದರ ಮೂತಿಗೆ ಜ್ಯಾಕ್ ಕೊಡದೆ ಒಳಗೆ ಹೋಗಬೇಡಿ. ಒಳಗಿನ ಹಲಗೆ ಕೊಳೆತಿದೆಯಾ ಅನ್ನುವುದನ್ನೂ ಕಾಲಲ್ಲಿ ಒತ್ತಿ ನೋಡಬೇಕು.

ಇಳಿಜಾರಿಗೆ ಒಂದೇ ಸೂತ್ರ. ಸರಕು ಇದ್ದಾಗ ಸರಕು ಯಾವಾಗಲೂ ಏರಿನ ಕಡೆಗೆ ಇರಬೇಕು, ಅಂದರೆ ಏರುವಾಗ ಮುಂದಕ್ಕೆ, ಇಳಿಯುವಾಗ ಹಿಂದಕ್ಕೆ. ಖಾಲಿ ಇದ್ದಾಗ ಫೋರ್ಕ್ ಇಳಿಜಾರಿನ ಕಡೆಗೆ. ಇಳಿಜಾರಿನ ಮೇಲೆ ತಿರುಗಿಸುವಂತಿಲ್ಲ. ರೀಚ್ ಟ್ರಕ್‌ಗಳಂತೂ ಸಮತಟ್ಟು ನೆಲಕ್ಕೆಂದೇ ಮಾಡಿದವು. ಅಂಗಳಕ್ಕೆ, ರ‍್ಯಾಂಪಿಗೆ ಅವನ್ನು ಒಯ್ಯದಿರುವುದೇ ವಾಸಿ.

ಸುತ್ತ ಇರುವ ಜನ

ಕ್ಯೂರಿಂಗ್ ವರ್ಕ್ಸ್ ಅಂದರೆ ಬರೀ ಗೋಡೌನ್ ಅಲ್ಲ. ಒಂದು ಕಡೆ ಸಿಪ್ಪೆ ತೆಗೆಯುವ ಯಂತ್ರ, ಹಲ್ಲರ್, ಓಡುತ್ತಿರುತ್ತದೆ, ಇನ್ನೊಂದು ಕಡೆ ಹೆಂಗಸರು ಸಾಲಾಗಿ ಕೂತು ಬೀಜ ಆರಿಸುತ್ತಿರುತ್ತಾರೆ. ಊಟದ ಹೊತ್ತಿಗೆ ಎಲ್ಲರೂ ಒಟ್ಟಿಗೆ ಏಳುತ್ತಾರೆ. ಹಲ್ಲರ್ ಸದ್ದಿನಲ್ಲಿ ಹಾರ್ನ್ ಕೇಳಿಸುವುದಿಲ್ಲ, ಬ್ಯಾಟರಿ ಗಾಡಿಗೆ ತನ್ನದೇ ಸದ್ದೂ ಇಲ್ಲ. ಆದ್ದರಿಂದ ಹಾರ್ನ್ ಹೊಡೆದೆ ಅನ್ನುವುದು ಸಾಲದು. ಎದುರಿನವರ ಕಣ್ಣು ನಿಮ್ಮ ಕಣ್ಣಿಗೆ ಸಿಕ್ಕಬೇಕು, "ಹೋಗಿ ಅಕ್ಕಾ" ಅಂತ ಕೈ ತೋರಿಸಬೇಕು, ಅವರು ದಾಟಿದ ಮೇಲೆ ನೀವು ಹೊರಡಬೇಕು. ನೆಲದ ಮೇಲೆ ನೀಲಿ ಬೆಳಕಿನ ಚುಕ್ಕೆ ಬೀಳಿಸುವ ದೀಪ ಸಿಗುತ್ತದೆ, ಓಣಿ ಕೂಡುವ ಕಡೆ ಅದು ಗಾಡಿಗಿಂತ ಮುಂಚೆ ಕಾಣುತ್ತದೆ. ಸದ್ದಿರುವ ಜಾಗಕ್ಕೆ ತುಂಬ ಉಪಯೋಗ.

ಸರಕು ಎತ್ತರ ಇದ್ದು ಮುಂದೆ ಕಾಣದಿದ್ದರೆ ಹಿಂದಕ್ಕೆ ಓಡಿಸಿ. ಈ ಗಾಡಿಯಲ್ಲಿ ಅಡ್ಡವಾಗಿ ನಿಲ್ಲುವುದರಿಂದ ಎರಡೂ ಕಡೆ ಕತ್ತು ತಿರುಗಿಸುವುದು ಸುಲಭ. ನಿಂತು ಓಡಿಸುವುದರ ನಿಜವಾದ ಸುಖ ಇದು.

ಎತ್ತಿದ ಫೋರ್ಕ್ ಕೆಳಗೆ ಯಾರೂ ನಿಲ್ಲಬಾರದು, ಅದು ಖಾಲಿ ಇದ್ದರೂ. ಫೋರ್ಕ್ ಮೇಲೆ ನಿಂತು ಬಲ್ಬ್ ಬದಲಾಯಿಸುವುದು, ಮೇಲಿನ ಮೂಟೆ ಎಣಿಸುವುದು ಇವತ್ತಿಗೂ ನಡೆಯುತ್ತಿದೆ. ಹಾಗೆ ಹತ್ತಿದವರು ಬಿದ್ದರೆ ಕೆಳಗೆ ಸಿಮೆಂಟು, ಪಕ್ಕದಲ್ಲಿ ಫೋರ್ಕ್ ಎತ್ತುವ ಚೈನು. ಏಣಿ ತರಿಸಲು ಐದು ನಿಮಿಷ ಸಾಕು.

ಬೆಳಿಗ್ಗೆಯ ಹತ್ತು ನಿಮಿಷ

ಪಾಳಿ ಶುರುವಾಗುವ ಮೊದಲು ಗಾಡಿಯ ಸುತ್ತ ಒಂದು ಸುತ್ತು ಬನ್ನಿ. ಕೆಳಗೆ ಎಣ್ಣೆ ಹನಿದಿದೆಯಾ, ಚೈನ್ ಎರಡೂ ಕಡೆ ಸಮ ಬಿಗಿ ಇದೆಯಾ, ಚಕ್ರದ ಅಂಚು ಕಿತ್ತಿದೆಯಾ ನೋಡಿ. ಚೈನನ್ನು ಬೆರಳಿನಿಂದ ಮುಟ್ಟಿ ನೋಡಬೇಡಿ, ಕೋಲಿನಿಂದ ಒತ್ತಿ. ಫೋರ್ಕ್ ಮಡಿಸಿದ ಮೂಲೆಯನ್ನು ಬಟ್ಟೆಯಿಂದ ಒರೆಸಿ ಬಿರುಕು ಇದೆಯಾ ನೋಡಿ. ಭಾರವೆಲ್ಲ ಬೀಳುವುದು ಆ ಮೂಲೆಯ ಮೇಲೆ, ನೆಲಕ್ಕೆ ಉಜ್ಜಿ ಸವೆಯುವುದೂ ಅಲ್ಲೇ. ಅಲ್ಲಿ ದಪ್ಪ ನೂರಕ್ಕೆ ಹತ್ತು ಸವೆದರೆ ಶಕ್ತಿ ನೂರಕ್ಕೆ ಇಪ್ಪತ್ತು ಹೋಯಿತು. ಬಗ್ಗುವುದನ್ನು ತಡೆಯುವ ಬಲ ದಪ್ಪದ ವರ್ಗಕ್ಕೆ ತಕ್ಕಂತೆ ಇರುತ್ತದೆ, 0.9ನ್ನು 0.9ರಿಂದ ಗುಣಿಸಿದರೆ 0.81. ಅಷ್ಟು ಸವೆದ ಫೋರ್ಕ್ ಬದಲಾಯಿಸಲೇಬೇಕು. ವೆಲ್ಡಿಂಗ್ ಮಾಡಿಸಿ ದಪ್ಪ ಮಾಡುವುದು ಪರಿಹಾರ ಅಲ್ಲ.

ಆಮೇಲೆ ಹತ್ತಿ. ಹಾರ್ನ್, ದೀಪ, ಸ್ಟೀರಿಂಗ್. ನಡಿಗೆಯ ವೇಗದಲ್ಲಿ ಮುಂದೆ ಹೋಗಿ ಪಾದ ಎತ್ತಿ. ತಕ್ಷಣ ನಿಂತಿತಾ? ಹಿಂದಕ್ಕೂ ಹಾಗೇ ನೋಡಿ. ಕೆಂಪು ತುರ್ತು ಬಟನ್ ಒತ್ತಿದರೆ ಕರೆಂಟ್ ಪೂರ್ತಿ ಹೋಗುತ್ತದೆಯಾ ನೋಡಿ. ಬ್ಯಾಟರಿಯನ್ನು ತಡೆಯುವ ಗೇಟು ಭದ್ರವಾಗಿದೆಯಾ ಅನ್ನುವುದನ್ನು ಮರೆಯಬೇಡಿ. ನೂರಾರು ಕೆಜಿಯ ಬ್ಯಾಟರಿ ಗಾಡಿಯ ಸಮತೋಲಕ್ಕೂ ಬೇಕು, ತಿರುವಿನಲ್ಲಿ ಅದು ಜಾರಿದರೆ ಕಷ್ಟ. ಏನಾದರೂ ಸರಿ ಇಲ್ಲದಿದ್ದರೆ ಕೀ ತೆಗೆದು, ಗಾಡಿಗೆ ಬೋರ್ಡ್ ತಗುಲಿಸಿ, ಪುಸ್ತಕದಲ್ಲಿ ಬರೆಯಿರಿ.

ಚಾರ್ಜಿಂಗ್ ವಿಷಯ ಚಿಕ್ಕದು ಆದರೆ ಮುಖ್ಯ. ಲೆಡ್ ಆ್ಯಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಭಾಗ ಆದರೆ ಒಂದು ಕಿಡಿ ಸಾಕು. ಗಾಳಿಯಾಡುವ ಜಾಗದಲ್ಲೇ ಚಾರ್ಜ್‌ಗೆ ಇಡಿ, ಅಲ್ಲಿ ಬೀಡಿ ಬೇಡ, ಗೋಣಿಚೀಲದ ರಾಶಿಯೂ ಬೇಡ. ಡಿಸ್ಟಿಲ್ಡ್ ವಾಟರ್ ಚಾರ್ಜ್ ಮುಗಿದ ಮೇಲೆ ಹಾಕಿ, ಮೊದಲೇ ತುಂಬಿದರೆ ಉಕ್ಕಿ ಆ್ಯಸಿಡ್ ಹೊರಗೆ ಬರುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್, ಪಕ್ಕದಲ್ಲಿ ಧಾರಾಳ ನೀರು ಇರಲಿ.

ಯಾರು ಓಡಿಸಬೇಕು

ಕಾರಿನ ಲೈಸೆನ್ಸ್ ಇದೆ ಅನ್ನುವುದು ಇಲ್ಲಿ ಅರ್ಹತೆ ಅಲ್ಲ. 1948ರ ಕಾರ್ಖಾನೆ ಕಾಯ್ದೆಗೆ 1987ರಲ್ಲಿ ಸೇರಿಸಿದ 7ಎ ಕಲಂ ಕೆಲಸಗಾರರಿಗೆ ಬೇಕಾದ ಮಾಹಿತಿ, ತರಬೇತಿ, ಮೇಲ್ವಿಚಾರಣೆ ಕೊಡುವ ಹೊಣೆಯನ್ನು ಕಾರ್ಖಾನೆ ನಡೆಸುವವರ ಮೇಲೆ ಹಾಕಿತು. ಸಂಸತ್ತು 2020ರಲ್ಲಿ ಒಪ್ಪಿದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲೂ ಸುರಕ್ಷತೆಯ ಹೊಣೆ ಮಾಲೀಕರದ್ದೇ. ಅಮೆರಿಕದಲ್ಲಿ ಮೂರು ವರ್ಷಕ್ಕೊಮ್ಮೆಯಾದರೂ ಪ್ರತಿ ಆಪರೇಟರ್‌ನ ಕೆಲಸವನ್ನು ಮತ್ತೆ ನೋಡಿ ಅಳೆಯಬೇಕು ಅನ್ನುವ ನಿಯಮವಿದೆ. ಅಪಘಾತವಾದರೆ, ಗಾಡಿ ಬದಲಾದರೆ ಮತ್ತೆ ತರಬೇತಿ. ನಮ್ಮಲ್ಲೂ ಸುಗ್ಗಿ ಶುರುವಾಗುವ ಮುಂಚೆ, ಅಕ್ಟೋಬರ್‌ನಲ್ಲೇ, ಇದನ್ನು ಮಾಡಿಸಬಹುದು. ಮೇ ನಂತರ ಗಾಡಿ ಮುಟ್ಟದ ಕಾಲಿಗೆ ಪೆಡಲ್ ಮರೆತಿರುತ್ತದೆ.

ಕೆಲಸ ಮುಗಿದಾಗ ಗಾಡಿಯನ್ನು ಬಾಗಿಲಿಗೆ, ಬೆಂಕಿ ಆರಿಸುವ ಸಿಲಿಂಡರ್‌ಗೆ ಅಡ್ಡ ನಿಲ್ಲಿಸಬೇಡಿ. ಫೋರ್ಕ್ ಪೂರ್ತಿ ನೆಲಕ್ಕೆ ಇಳಿಸಿ, ತುದಿ ನೆಲಕ್ಕೆ ತಾಗುವಂತೆ ವಾಲಿಸಿ. ಬ್ರೇಕ್ ಹಾಕಿ, ಕೀ ತೆಗೆಯಿರಿ. ಆ ಕೀ ಗಾಡಿಯಲ್ಲೇ ನೇತಾಡುತ್ತಿದ್ದರೆ ಊಟದ ಹೊತ್ತಿನಲ್ಲಿ ಯಾರಾದರೂ ಹುಡುಗರು "ಒಂದ್ ರೌಂಡ್" ಅಂತ ಹತ್ತಿಬಿಡುತ್ತಾರೆ. ಕೀ ಸೂಪರ್‌ವೈಸರ್ ಕೈಗೆ ಹೋಗಬೇಕು, ಯಾರು ಎಷ್ಟು ಹೊತ್ತಿಗೆ ತಗೊಂಡರು ಅನ್ನುವುದು ಸಹಿಯ ಜೊತೆ ಪುಸ್ತಕದಲ್ಲಿ ಇರಬೇಕು.